ತೇಲಿದ ಏಳು ಮೊಟ್ಟೆ

೧೯೫೩ನೇ ಇಸವಿ ನವೆಂಬರ್ ೧೮, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ.

“ಹನ್ನೆರಡು ಇತ್ತು,” ಎಂದ ಸಬ್ ಇನ್ಸ್‌ಪೆಕ್ಟರ್ ಧರ್ಮಪಾಲ.

“ಹೌದು ಸಾರ್,” ಎಂದ ದಫೇದಾರ್ ಸಿದ್ದಣ್ಣ.

“ಈಗ ಏಳಿದೆ.”

“ಎಂಟು ಅನ್ಬೌದು ಸಾರ್. ಒಂದನ್ನ ಬೇಯ್ಸಿಟ್ಟಿದೀನಿ.”

ಧರ್ಮಪಾಲ ಬುಟ್ಟಿಯಿಂದ ತಲೆಯೆತ್ತಿದ. “ಬೇಯಿಸಿದ್ದು ಯಾಕೆ?”

“ಮೂರು ದಿನ ಆಯ್ತಲ್ಲ ಸಾರ್. ಸಾಕ್ಷಿ ಕೆಟ್ಟೋಗ್ಬಾರ್ದು ಅಂತ.”

ಮೈಸೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು ಧರ್ಮಪಾಲ. ಗಾಜಿನ ಕೊಳವೆಯನ್ನು ಎರಡು ಸಲ ತೊಳೆದು ಒಣಗಿಸಿದ ಮೇಲಷ್ಟೇ ಮುಟ್ಟುತ್ತಿದ್ದ ಕೈ ಅದು. ಆ ಕೈಗೆ ದೇವರು ಈ ಠಾಣೆಯನ್ನು ಯಾವ ಜನ್ಮದ ಪಾಪಕ್ಕೆ ಕೊಟ್ಟನೋ.

“ಮಿಕ್ಕ ನಾಲ್ಕು?”

“ಒಂದು ರೈಟರ್ ಮಂಜುನಾಥನ ಕೈಲಿ ಹೋಯ್ತು. ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಿದ್ದ. ಒಳಗೆ ಕುಲುಕಿದ್ರೆ ಹಳೇದು ಅಂತಲ್ವಾ? ಕುಲುಕಿ ಕುಲುಕಿ ಮೇಜಿನ ಮೂಲೆಗೆ ಬಡೀತು. ಇನ್ನೊಂದನ್ನ ಪೋಸ್ಟ್ ಮಾಸ್ಟ್ರು ನೋಡ್ತೀನಿ ಅಂದ್ರು. ದಪ್ಪ ತುದಿಗೆ ನಾಲಿಗೆ ತಾಗ್ಸಿದ್ರೆ ಬೆಚ್ಚಗಿರ್ಬೇಕಂತೆ, ತಣ್ಣಗಿದ್ರೆ—”

“ಪೋಸ್ಟ್ ಮಾಸ್ಟರು ನನ್ನ ಸಾಕ್ಷಿಯನ್ನು ನೆಕ್ಕಿದರಾ?”

“ನೆಕ್ಕಲಿಲ್ಲ ಸಾರ್. ತಾಗ್ಸಿದ್ರು ಅಷ್ಟೆ. ಕೆಳಗಿಡೋವಾಗ ಬಿತ್ತು.”

“ಇನ್ನೆರಡು?”

ಸಿದ್ದಣ್ಣ ದಾಖಲೆಗಳ ಕಪಾಟಿನ ಮೇಲೆ ನೋಡಿದ. ಅಲ್ಲಿ ಠಾಣೆಯ ಬೆಕ್ಕು ಕಳೆದ ವರ್ಷದ ಕಡತಗಳ ಮೇಲೆ ಮೈಚಾಚಿ ಮಲಗಿತ್ತು.

ಗೋಡೆಯ ಬದಿಯ ಬೆಂಚಿನಿಂದ ಬೊಳ್ಳಮ್ಮನ ಧ್ವನಿ ಬಂತು. “ಐದು ಜನ ಗಂಡಸರು, ಒಂದು ಬೆಕ್ಕು. ಒಂದು ಬುಟ್ಟಿ ಮೊಟ್ಟೆ ನೋಡಿಕೊಳ್ಳಲಿಕ್ಕೆ ಆಗಲಿಲ್ಲ. ನಾನು ಮೂವತ್ತು ವರ್ಷ ಒಂದು ಮನೆ ನೋಡಿಕೊಂಡೆ.”

ಅವಳಿಗೆ ಮಾತಾಡುವ ಹಕ್ಕಿತ್ತು. ಮಧ್ಯಾಹ್ನ ಹನ್ನೆರಡೂವರೆಯ ಮಡಿಕೇರಿ ಬಸ್ಸಿಗೆ ಅವಳನ್ನೇ ಹತ್ತಿಸಬೇಕಾಗಿತ್ತು. ನಿನ್ನೆ ಬಂಧಿಸಿದ್ದು, ಇವತ್ತು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ನೆಲ್ಯಹುದಿಕೇರಿಯ ಆಚೆಗಿನ ಕರಡಿಬೆಟ್ಟ ಎಸ್ಟೇಟಿನ ಮಾಲೀಕ ಪದ್ಮಯ್ಯ ಭಾನುವಾರ ಬೆಳಿಗ್ಗೆ ರೊಟ್ಟಿ, ಕೋಳಿಸಾರು ತಿಂದು, ಗಂಟೆಯೊಳಗೆ ನೆಲ ಹಿಡಿದು, ಮೂರು ಗಂಟೆಗೆ ತೀರಿಕೊಂಡಿದ್ದರು. ಸಾರು ಗಟ್ಟಿಯಾಗಲೆಂದು ಎರಡು ಮೊಟ್ಟೆ ಕದಡಿ ಹಾಕಿದ್ದೆ ಎಂದು ಅಡುಗೆಯ ಬೊಳ್ಳಮ್ಮ ತಾನಾಗಿಯೇ ಹೇಳಿದ್ದಳು. ಅಷ್ಟು ಸಾಕಾಯಿತು. ಕೊಳೆತ ಮೊಟ್ಟೆ ತಿನ್ನಿಸಿ ಮಾವನ ಪ್ರಾಣ ತೆಗೆದಳೆಂದು ಪದ್ಮಯ್ಯನವರ ಸೋದರಳಿಯ ದೇರಪ್ಪ ದೂರು ಬರೆದುಕೊಟ್ಟ. ಅಡುಗೆಮನೆಯ ಬುಟ್ಟಿಯಲ್ಲಿ ಸಿಕ್ಕಿದ ಹನ್ನೆರಡು ಮೊಟ್ಟೆಯನ್ನು ಧರ್ಮಪಾಲನೇ ಪಂಚರ ಮುಂದೆ ವಶಪಡಿಸಿಕೊಂಡಿದ್ದ.

ಶವಪರೀಕ್ಷೆಯ ಜಾಡಿಗಳು ಮದ್ರಾಸಿನ ದಾರಿಯಲ್ಲಿದ್ದವು. ಕೊಡಗು ರಾಜ್ಯಕ್ಕೆ ಮಂತ್ರಿಗಳಿದ್ದರು, ವಿಧಾನಸಭೆಯಿತ್ತು. ಒಂದು ಜಾಡಿಯೊಳಗೆ ಏನಿದೆ ಎಂದು ಹೇಳುವ ಪ್ರಯೋಗಾಲಯ ಇರಲಿಲ್ಲ. ಉತ್ತರ ಬರಲು ಮೂರು ವಾರ. ಅಲ್ಲಿಯವರೆಗೆ ಬೊಳ್ಳಮ್ಮ ಜೈಲಿನಲ್ಲಿ. ಆಮೇಲೆ ಬಿಟ್ಟರೂ, ಧಣಿಗೆ ಕೊಳೆತದ್ದು ಬಡಿಸಿದವಳೆಂಬ ಹೆಸರು ಹೊತ್ತವಳನ್ನು ಯಾವ ಮನೆಯ ಒಲೆಯ ಹತ್ತಿರ ಬಿಟ್ಟಾರು?

“ಸಿದ್ದಣ್ಣ, ಆ ನಾಲ್ಕು ಒಡೆದಾಗ ವಾಸನೆ ಬಂತಾ?”

“ಎಂಥ ವಾಸನೆ ಸಾರ್?”

“ಕೊಳೆತ ಮೊಟ್ಟೆಯ ವಾಸನೆ! ಊರಿಡೀ ಮೂಗು ಮುಚ್ಚಿಕೊಳ್ಳುವ ವಾಸನೆ!”

ಸಿದ್ದಣ್ಣ ತಲೆ ಕೆರೆದುಕೊಂಡ. “ಇಲ್ಲ ಸಾರ್. ನಾರಿದ್ರೆ ಬೆಕ್ಕು ಕುಡೀತಿತ್ತಾ?”

“ಬೆಕ್ಕು ಕುಡಿದದ್ದು ಯಾವಾಗ?”

“ಸೋಮವಾರ.”

ಇಬ್ಬರೂ ಬೆಕ್ಕನ್ನು ನೋಡಿದರು. ಬೆಕ್ಕು ಒಂದು ಕಣ್ಣು ಬಿಟ್ಟು, ಇವರಿಂದ ಪ್ರಯೋಜನವಿಲ್ಲವೆಂದು ಮತ್ತೆ ಮುಚ್ಚಿತು.

“ಇದನ್ನು ಎರಡು ದಿನದಿಂದ ಯಾಕೆ ಹೇಳಲಿಲ್ಲ?”

“ನೀವು ಕೇಳ್ಲಿಲ್ವಲ್ಲ ಸಾರ್. ಕೇಳಿದ್ರೆ ಬೈತೀರಿ ಅಂತ ನಾನೂ ಸುಮ್ನಾದೆ.”

ಧರ್ಮಪಾಲ ಬೈಯಲು ಬಾಯಿ ತೆರೆದು, ಉಸಿರು ಉಳಿಸಿಕೊಂಡ. ಎತ್ತರದ ಗಾಜಿನ ಜಾಡಿಗೆ ನೀರು ತುಂಬಿಸಿ ತರಲು ಹೇಳಿದ. ಸಿದ್ದಣ್ಣ ತಂದದ್ದು ಊಟದ ತಟ್ಟೆ. ಭಾನುವಾರವೂ ಇದರಲ್ಲೇ ನೋಡಿದ್ದನಂತೆ. “ಮೊಟ್ಟೆ ಮುಳುಗುವಷ್ಟು ನೀರೇ ಇಲ್ಲದ ಕಡೆ ಮೊಟ್ಟೆ ಮುಳುಗುತ್ತದೋ ತೇಲುತ್ತದೋ ಅಂತ ಹೇಗೆ ನೋಡಿದೆಯಪ್ಪಾ?” ಎಂದು ಕೇಳಿದ್ದಕ್ಕೆ, “ಅಂದಾಜಿಗೆ ಸಾರ್,” ಎಂದ.

ಕೊನೆಗೆ ಜಾಡಿ ಬಂತು. ಧರ್ಮಪಾಲ ಒಂದೊಂದೇ ಮೊಟ್ಟೆಯನ್ನು ಮೆಲ್ಲನೆ ಇಳಿಬಿಟ್ಟ. ಮೊದಲನೆಯದು ತಳ ಮುಟ್ಟದೆ ಮೇಲೆದ್ದು ಬಂದು ದಪ್ಪ ತುದಿಯನ್ನು ನೀರಿನ ಹೊರಗೆ ಚಾಚಿ ನಿಂತಿತು. ಎರಡನೆಯದೂ ಹಾಗೆಯೇ. ಏಳೂ ತೇಲಿದವು.

“ಮುಗೀತಲ್ಲ ಸಾರ್,” ಎಂದ ಸಿದ್ದಣ್ಣ. “ತೇಲಿದ್ದು ಕೊಳೆತದ್ದು. ನಮ್ ಕೊಡ್ಲಿಪೇಟೆ ಕಡೆ ಚಿಕ್ ಹುಡುಗ್ರಿಗೂ ಗೊತ್ತು.”

ಧರ್ಮಪಾಲ ಒಂದನ್ನು ಎತ್ತಿ ಬಸಿಯ ಮೇಲೆ ಒಡೆದ. ಸಿದ್ದಣ್ಣ ಮೂಗು ಹಿಡಿದು ಬಾಗಿಲವರೆಗೆ ಓಡಿದ. ಅಲ್ಲಿ ನಿಂತು ಕಾದ. ನಿಧಾನವಾಗಿ ಕೈ ತೆಗೆದ.

ವಾಸನೆ ಇರಲಿಲ್ಲ. ಹಳದಿ ಚಪ್ಪಟೆಯಾಗಿತ್ತು, ಬಿಳಿ ನೀರಿನಂತೆ ಹರಡಿತ್ತು, ದಪ್ಪ ತುದಿಯ ಒಳಗೆ ಹೆಬ್ಬೆರಳು ತೂರುವಷ್ಟು ಜಾಗ ಖಾಲಿಯಿತ್ತು. ತಿನ್ನಲು ರುಚಿಯಿರದು. ಆದರೆ ಕೊಳೆತಿರಲಿಲ್ಲ.

“ನಿಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಇಡುತ್ತಾರಲ್ಲ ಸಿದ್ದಣ್ಣ, ಆರು ತಿಂಗಳಲ್ಲಿ ಏನಾಗುತ್ತದೆ?”

“ಕೊಬ್ಬರಿ ಆಗ್ತದೆ.”

“ಒಳಗಿನ ನೀರು?”

“ಆರಿ ಹೋಗ್ತದೆ. ಗಿಟುಕು ಗಡಗಡ ಅಂತದೆ.”

“ಕೊಳೆತ ತೆಂಗಿನಕಾಯಿ ಅನ್ನುತ್ತೀರಾ ಅದನ್ನು?”

ಸಿದ್ದಣ್ಣ ಜಾಡಿಯನ್ನು ಹೊಸದಾಗಿ ನೋಡಿದ.

“ಮೊಟ್ಟೆಯ ಓಡಿನಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ಒಳಗಿನ ನೀರು ಆರಿದಷ್ಟೂ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ತಂಪಿನಲ್ಲಿಟ್ಟರೆ ಇಷ್ಟು ಆರಲು ಎರಡು ತಿಂಗಳು ಬೇಕು. ಬಿಸಿಯಲ್ಲಿಟ್ಟರೆ ಬೇಗ. ತೇಲಿದ್ದು ಆರಿದ್ದು. ಕೊಳೆತದ್ದೋ ಅಲ್ಲವೋ ಎಂದು ಹೇಳಲು ದೇವರು ಮೂಗು ಕೊಟ್ಟಿದ್ದಾನೆ, ನೀರಲ್ಲ.”

ಬಸಿಯನ್ನು ಮೂಗಿನ ಹತ್ತಿರ ತಂದವನು ಅಲ್ಲೇ ನಿಂತ. ಒಡೆದ ಓಡನ್ನು ಬೇರೆಯಾಗಿ ಮೂಸಿದ. ಹೊಗೆಯ ವಾಸನೆ.

ಉಳಿದ ಆರನ್ನೂ ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಆದರೂ ಪ್ರತಿಯೊಂದರ ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಬಿಳಿ. ಹುಲ್ಲಿನ ಗೂಡಿನಲ್ಲಿ ಅಲುಗಾಡದೆ ಕೂತ ಮೊಟ್ಟೆಯ ಮೇಲೆ ದಿನಗಟ್ಟಲೆ ಹೊಗೆ ಇಳಿದರೆ ಹಾಗಾಗುತ್ತದೆ.

“ಬೊಳ್ಳಮ್ಮನವರೇ, ನೀವು ಮೊಟ್ಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೀರಾ?”

“ನನಗೆ ಹುಚ್ಚಾ? ನೀರಿನ ಹಂಡೆಯ ಪಕ್ಕ, ತಂಪಿನಲ್ಲಿ ಇಡುವುದು. ಮೊಟ್ಟೆ ಮಾರುವ ರುದ್ರಮ್ಮ ಶುಕ್ರವಾರ ತಂದುಕೊಟ್ಟದ್ದು, ಆ ವಾರದ್ದೇ. ಹನ್ನೆರಡು ಎಣಿಸಿ ಇಟ್ಟೆ. ಮೊದಲೇ ಹೇಳಿದೆನಲ್ಲ, ಎಂತ ಬರೆದುಕೊಂಡಿರಿ ಮತ್ತೆ?”

“ಹನ್ನೆರಡು. ಶನಿವಾರ ಎಷ್ಟು ಖರ್ಚಾಯಿತು?”

“ಒಂದೂ ಇಲ್ಲ. ಭಾನುವಾರ ಎರಡು.”

ಧರ್ಮಪಾಲ ಮಹಜರನ್ನು ಎಳೆದುಕೊಂಡ. ಭಾನುವಾರ ಸಂಜೆ ಐದು ಗಂಟೆ. ಕೋಳಿಮೊಟ್ಟೆ, ಹನ್ನೆರಡು. ತನ್ನದೇ ಅಕ್ಷರ, ದುಂಡಗೆ, ಅಚ್ಚುಕಟ್ಟಾಗಿ.

ಹನ್ನೆರಡರಲ್ಲಿ ಎರಡು ಹೋದರೆ ಹತ್ತು.

ಬೆಳಿಗ್ಗೆಯಿಂದ ಅವನು ಠಾಣೆಯವರನ್ನೆಲ್ಲ ಮನಸ್ಸಿನಲ್ಲೇ ಬೈದಿದ್ದ. ಪೋಸ್ಟ್ ಮಾಸ್ಟರನ್ನೂ ಬಿಟ್ಟಿರಲಿಲ್ಲ. ಈಗ ಬೈಯಬೇಕಾದವನು ತನ್ನದೇ ಕುರ್ಚಿಯಲ್ಲಿ ಕೂತಿದ್ದ.

“ಯಾರೋ ಬುಟ್ಟಿ ಖಾಲಿ ಮಾಡಿ ಬೇರೆ ಮೊಟ್ಟೆ ತುಂಬಿದ್ದಾರೆ,” ಎಂದ. “ಎಷ್ಟಿತ್ತು ಎಂದು ಎಣಿಸದೆ ಒಂದು ಡಜನ್ ಇಟ್ಟಿದ್ದಾರೆ. ಹೊಗೆಗೆ ಮೊಟ್ಟೆ ಇಡುವವರು ಯಾರಿದ್ದಾರೆ ನಿಮ್ಮಲ್ಲಿ?”

ಬೊಳ್ಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಪೂವಮ್ಮ,” ಎಂದಳು. “ದೇರಪ್ಪನ ಹೆಂಡತಿ. ಮಳೆಗಾಲದಲ್ಲಿ ಹೊಗೆಗಿಟ್ಟ ಮಾಂಸ ಕೆಡುವುದಿಲ್ಲ, ಬೀಜ ಕೆಡುವುದಿಲ್ಲ, ಮೊಟ್ಟೆ ಮಾತ್ರ ಕೆಡುತ್ತದಾ ಅಂತಾಳೆ. ಮೊಟ್ಟೆ ಮಾಂಸ ಅಲ್ಲ ಮಗಳೇ ಅಂತ ಎಷ್ಟು ಸಲ ಹೇಳಿದೆ. ಕೇಳಿದರೆ ತಾನೆ.”

ದೇರಪ್ಪನ ಜೀಪು ಹನ್ನೊಂದೂಕಾಲಕ್ಕೆ ಬಂತು. ಅವನು ಬಂದದ್ದು ಬೊಳ್ಳಮ್ಮ ಬಸ್ಸು ಹತ್ತುವುದನ್ನು ನೋಡಲಿಕ್ಕೆ. ಮೂವತ್ತೈದರ ಆಳು, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಬೆರಳ ನಡುವೆ ಸಿಗರೇಟು. ಬೆಂಚಿನ ಕಡೆ ತಿರುಗಿಯೂ ನೋಡದೆ ಕುರ್ಚಿ ಎಳೆದು ಕೂತ.

“ಇನ್ನೂ ಕಾಗದಪತ್ರ ಮುಗಿದಿಲ್ಲವಾ ಇನ್ಸ್‌ಪೆಕ್ಟ್ರೇ?”

“ಒಂದು ಸಂಶಯ ಉಳಿದಿದೆ. ನಿಮ್ಮ ಮಾವ ತಿಂದದ್ದು ಈ ಬುಟ್ಟಿಯ ಮೊಟ್ಟೆ ತಾನೆ?”

“ಮತ್ತೆ ಯಾವುದು? ಕೊಳೆತ ಮೊಟ್ಟೆ. ಭಾನುವಾರವೇ ಡಾಕ್ಟರ ಎದುರು ನೀರಿಗೆ ಹಾಕಿ ತೋರಿಸಿದೆನಲ್ಲ.”

“ಒಂದು ತಿಂದರೂ ಸಾವು ಬರಬಹುದು ಅನ್ನುತ್ತೀರಿ.”

“ನನ್ನನ್ನ ಕೇಳಬೇಕಾ? ಹೆಣ ನೋಡಿದ್ದೀರಲ್ಲ.”

ಧರ್ಮಪಾಲ ತಲೆಯಾಡಿಸಿದ. ಸಿದ್ದಣ್ಣ ಬೇಯಿಸಿಟ್ಟಿದ್ದ ಮೊಟ್ಟೆಯನ್ನು ಕೈಗೆತ್ತಿಕೊಂಡ. ಮೇಜಿನ ಅಂಚಿಗೆ ತಟ್ಟಿ ಸುಲಿದ. ಓಡನ್ನು ಕಾಗದದ ಮೇಲೆ ಒಟ್ಟು ಮಾಡಿದ. ಮೊಟ್ಟೆಯನ್ನು ಬಾಯಿಗೆ ಒಯ್ದ.

“ಸಾರ್!” ಸಿದ್ದಣ್ಣ ಹಾರಿ ಮಣಿಕಟ್ಟು ಹಿಡಿದ. “ಮನೇಲಿ ಎರಡು ಮಕ್ಳಿದಾವೆ ಸಾರ್!”

ರೈಟರ್ ಮಂಜುನಾಥ ಪೆನ್ನು ಚೆಲ್ಲಿ ಎದ್ದು ನಿಂತ. ಬೆಂಚಿನ ಮೇಲೆ ಬೊಳ್ಳಮ್ಮ, “ಬೇಡ ಸ್ವಾಮಿ, ನನ್ನ ಹೆಸರಿಗೆ ಇನ್ನೊಂದು ಹೆಣ ಬೇಡ!” ಎಂದು ಕೂಗಿದಳು.

ದೇರಪ್ಪ ಸಿಗರೇಟಿನ ಬೂದಿ ಕೊಡವಿದ.

ಧರ್ಮಪಾಲ ಮೊಟ್ಟೆಯನ್ನು ಕೆಳಗಿಟ್ಟ. ಸಿದ್ದಣ್ಣನ ಹಿಡಿತದಿಂದ ಕೈ ಬಿಡಿಸಿಕೊಳ್ಳಲು ತುಸು ಹೊತ್ತು ಹಿಡಿಯಿತು.

“ಮೂರು ಜನ ಗಾಬರಿಯಾದರು ದೇರಪ್ಪ. ಈ ಬುಟ್ಟಿಯ ಮೊಟ್ಟೆ ಜೀವ ತೆಗೆದದ್ದು ಎಂದು ಬರೆದುಕೊಟ್ಟವರು ನೀವು. ನೀವೊಬ್ಬರೇ ಸುಮ್ಮನೆ ಕೂತಿರಿ.”

“ತಿನ್ನುವುದು ನಿಮ್ಮ ಬಾಯಿ. ನಾನ್ಯಾಕೆ ತಡೆಯಬೇಕು?”

“ಇದು ತಿಂದರೆ ಏನೂ ಆಗುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ಯಾಕೆಂದರೆ ಇದು ನಿಮ್ಮ ಮನೆಯದು.”

ದೇರಪ್ಪ ನಕ್ಕ. “ಮೊಟ್ಟೆಯ ಮೇಲೆ ನನ್ನ ಹೆಸರು ಬರೆದಿದೆಯಾ?”

“ಹೊಗೆ ಬರೆದಿದೆ. ಒಂದು ಮಗ್ಗುಲು ಕಂದು, ಒಂದು ಮಗ್ಗುಲು ಬಿಳಿ. ಸಿದ್ದಣ್ಣನನ್ನು ನಿಮ್ಮ ಮನೆಗೆ ಕಳಿಸುತ್ತೇನೆ. ಒಲೆಯ ಮೇಲಿನ ಅಟ್ಟದಲ್ಲಿ ಹುಲ್ಲಿನ ಗೂಡಿದೆಯಂತೆ. ಅದರಲ್ಲಿ ಮಸಿ ತಾಗದ ಗುಳಿ ಎಷ್ಟು ಇದೆ ಎಂದು ಎಣಿಸಿಕೊಂಡು ಬರಲಿ. ಭಾನುವಾರ ಯಾರು ಇಳಿಸಿದ್ದು ಎಂದು ಪೂವಮ್ಮನವರನ್ನೇ ಕೇಳಲಿ.”

“ಪೂವಮ್ಮನನ್ನ ಇದಕ್ಕೆ ಎಳೀಬೇಡಿ.”

“ಹಾಗಾದರೆ ನೀವು ಹೇಳಿ.”

ಸಿಗರೇಟು ಬೆರಳಿನವರೆಗೆ ಉರಿದು ಬಂದಿತ್ತು. ದೇರಪ್ಪ ಅದನ್ನು ಬೂಟಿನ ಕೆಳಗೆ ಹೊಸಕಿದ. ಬಹಳ ಹೊತ್ತು ಹೊಸಕಿದ.

“ನಾನು ಕೊಂದಿಲ್ಲ,” ಎಂದ. “ಮಾವ ಬಿದ್ದಾಗ, ಸಾರಿಗೆ ಮೊಟ್ಟೆ ಹಾಕಿದ್ದು ಗೊತ್ತಾಗಿ ಮೊದಲು ಅಡುಗೆಮನೆಗೆ ಓಡಿದೆ. ಬುಟ್ಟಿಯ ಮೊಟ್ಟೆಗಳನ್ನ ನೀರಿಗೆ ಹಾಕಿದೆ. ಎಲ್ಲ ತಳಕ್ಕೆ ಹೋಗಿ ಅಡ್ಡಡ್ಡ ಮಲಗಿದವು. ಒಳ್ಳೇ ಮೊಟ್ಟೆ. ತೆಗೆದು ಒರೆಸುವಾಗ ಒಂದರ ತುದಿ ಉಗುರಿಗೆ ನುಣ್ಣಗೆ ಸಿಕ್ಕಿತು. ನೋಡಿದೆ. ಮೇಣ.”

“ಮೇಣ?”

“ಮೊಂಬತ್ತಿ ಮೇಣ. ಅಡಿಯಲ್ಲಿ ತೂತು. ಒಳಗೆ ಎಂತದೋ ಹಾಕಿ ಮುಚ್ಚಿದ್ದಾರೆ. ಮಾವನಿಗೆ ಮಕ್ಕಳಿಲ್ಲ, ನಾನೇ ವಾರಸುದಾರ. ವಿಷ ಅಂತ ಬಾಯಿಬಿಟ್ಟರೆ ಕೊಡಗಿನ ಬೆರಳೆಲ್ಲ ನನ್ನ ಕಡೆ ತಿರುಗ್ತಿತ್ತು. ಕೊಳೆತ ಮೊಟ್ಟೆ ಅಂದರೆ ಯಾರದೋ ಅಜಾಗ್ರತೆ. ಎರಡು ವರ್ಷ ಜೈಲಿನಲ್ಲಿ ಮುಗೀತದೆ. ಬೊಳ್ಳಕ್ಕನಿಗೆ ಗಂಡ ಮಕ್ಕಳು ಯಾರೂ ಇಲ್ಲವಲ್ಲ ಅಂತ…”

ಆಗಲೂ ಅವನು ಬೆಂಚಿನ ಕಡೆ ನೋಡಲಿಲ್ಲ.

“ಆ ಹತ್ತು ಮೊಟ್ಟೆ ಎಲ್ಲಿ?”

“ಜೀಪಿನಲ್ಲಿ. ಸೀಟಿನ ಅಡಿ, ಬಿಸ್ಕತ್ತಿನ ಡಬ್ಬಿಯಲ್ಲಿ. ಎಲ್ಲಿ ಎಸೆಯುವುದು? ಹೊಳೆಗೆ ಹಾಕಿದರೆ ಮೀನು ಸಾಯ್ತದೆ. ತೋಟದಲ್ಲಿ ಕೂಲಿ ಲೈನಿನ ಮಕ್ಕಳು ಓಡಾಡ್ತಾರೆ.”

“ಮೀನಿಗೆ ಸಿಕ್ಕಿದ ಕರುಣೆ ನನಗೆ ಸಿಗಲಿಲ್ಲವಲ್ಲ ದೇರಪ್ಪ,” ಎಂದಳು ಬೊಳ್ಳಮ್ಮ. ಧ್ವನಿ ಏರಿಸಲಿಲ್ಲ. “ನಿನಗೆ ಮೊದಲ ತುತ್ತು ತಿನ್ನಿಸಿದ ಕೈ ಇದು.”

ಸಿದ್ದಣ್ಣ ಡಬ್ಬಿಯನ್ನು ಎರಡೂ ಕೈಯಲ್ಲಿ, ಮಗುವನ್ನು ತರುವಂತೆ ತಂದ. ಧರ್ಮಪಾಲ ಹತ್ತನ್ನೂ ಜಾಡಿಗೆ ಬಿಟ್ಟ. ಹತ್ತೂ ಮುಳುಗಿದವು. ಶುಕ್ರವಾರದ ಮೊಟ್ಟೆಗಳು, ಐದು ದಿನದಲ್ಲಿ ದಪ್ಪ ತುದಿ ಚೂರು ಮೇಲೆತ್ತಿದ್ದವು, ಅಷ್ಟೆ. ರಟ್ಟಿನಲ್ಲಿ ತೂತು ಮಾಡಿ ಒಂದೊಂದನ್ನೂ ಬಿಸಿಲಿಗೆ ಹಿಡಿದ. ಒಂಬತ್ತರೊಳಗೆ ಬೆಳಕು ಕಿತ್ತಳೆಯಾಗಿ ಹಾದುಬಂತು, ಗಾಳಿಗೂಡು ಕಿರುಬೆರಳಿನ ಉಗುರಿನಷ್ಟು. ಹತ್ತನೆಯದರ ದಪ್ಪ ತುದಿಯಲ್ಲಿ ಒಂದು ಚುಕ್ಕೆ ಮಾತ್ರ ಕಪ್ಪಗೆ ನಿಂತಿತು.

ಸಿದ್ದಣ್ಣನೂ ಬಗ್ಗಿ ಆ ಚುಕ್ಕೆಯನ್ನು ನೋಡಿದ.

“ಹಂಗಾದ್ರೆ ಇದು ಅಜಾಗ್ರತೆ ಕೇಸಲ್ಲ ಸಾರ್. ಕೊಲೆ.” ಬೊಳ್ಳಮ್ಮನ ಕಡೆ ಕೈ ತೋರಿಸಿ, “ಮೊಟ್ಟೆ ಒಡೆದು ಸಾರಿಗೆ ಹಾಕಿದ್ದು ಮಾತ್ರ ಇವ್ರೇ,” ಎಂದ.

ಧರ್ಮಪಾಲನಿಗೆ ಅವನ ಬಾಯಿಗೆ ಆ ಬೇಯಿಸಿದ ಮೊಟ್ಟೆಯನ್ನೇ ತುರುಕಬೇಕೆನಿಸಿತು. ಆದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಬೊಳ್ಳಮ್ಮ ಎದ್ದು ನಿಂತಳು. “ಬೆಳಿಗ್ಗೆ ನನಗೆ ಎರಡು ವರ್ಷ ಜೈಲು ಇತ್ತು. ನೀವು ನೀರು, ಬಿಸಿಲು, ರಟ್ಟು ಎಲ್ಲ ಹಿಡಿದು ಅದನ್ನ ನೇಣು ಮಾಡಿದಿರಿ. ನಿಮ್ಮ ಓದು ಇದಕ್ಕಾ ಸ್ವಾಮಿ?”

“ನಿಲ್ಲಿ ಬೊಳ್ಳಮ್ಮನವರೇ.”

“ಇನ್ನು ಎಂತಕ್ಕೆ ನಿಲ್ಲುವುದು?”

“ಬೊಳ್ಳಕ್ಕನ ತಂಗಿಯ ಮಗ ಪೂವಯ್ಯ,” ಎಂದು ದೇರಪ್ಪ ನಡುವೆ ಬಾಯಿಹಾಕಿದ. ಜೀವ ಉಳಿಸಿಕೊಳ್ಳುವವನ ಆತುರ ಆ ಮಾತಿನಲ್ಲಿತ್ತು. “ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್. ದಿನ ಬೆಳಗಾದರೆ ಸೂಜಿ ಹಿಡಿಯೋನು. ಮೊಟ್ಟೆಯೊಳಗೆ ವಿಷ ಹೋಗಬೇಕಾದರೆ ಕೊಳವೆಯ ಸೂಜಿಯೇ ಬೇಕಲ್ಲ? ಬಟ್ಟೆ ಹೊಲಿಯೋ ಸೂಜಿ ಆಗ್ತದಾ?”

ಆಗುವುದಿಲ್ಲ. ಅದೂ ಸರಿಯಾಗಿತ್ತು. ಇವತ್ತು ಎಲ್ಲರೂ ಸರಿಯಾದದ್ದನ್ನೇ ಹೇಳುತ್ತಿದ್ದರು, ತಪ್ಪಾದ ಹೊತ್ತಿನಲ್ಲಿ.

“ಭಾನುವಾರದ್ದನ್ನು ಮೊದಲಿಂದ ಹೇಳಿ,” ಎಂದ ಧರ್ಮಪಾಲ ಬೊಳ್ಳಮ್ಮನಿಗೆ. “ಆ ಎರಡು ಮೊಟ್ಟೆ ಬುಟ್ಟಿಯಲ್ಲಿ ಎಲ್ಲಿತ್ತು?”

ಅವಳು ನೆಲ ನೋಡಿದಳು. ಇಷ್ಟು ಹೊತ್ತು ಎಲ್ಲರ ಬಾಯಿ ಮುಚ್ಚಿಸಿದವಳು ಈಗ ತಡವರಿಸಿದಳು.

“ಅದು ಹೇಳಲಿಕ್ಕೆ ನಾಚಿಕೆ. ಧಣಿ ಬೆಳಿಗ್ಗೆ ಅಡುಗೆಮನೆಗೆ ಬಂದಿದ್ದರು. ಬರುವವರಲ್ಲ ಅವರು. ದೇರಪ್ಪ ತಿಂಡಿಗೆ ಬರ್ತಾನೆ, ಬುಟ್ಟಿಯ ಮೇಲಿರುವ ಮೂರು ಮೊಟ್ಟೆ ಅವನಿಗೆ ಹುರಿದು ಕೊಡು, ನನಗೆ ಮೊಟ್ಟೆ ಬೇಡ ಅಂದರು. ನಾನು ಎರಡು ಸಾಕು ಅಂತ ಎರಡು ಒಡೆದಿಟ್ಟೆ. ತೆಂಗಿನ ಚಿಪ್ಪಿನಲ್ಲಿ ಒಂದೊಂದೇ ಒಡೆದು ಮೂಸಿ ನೋಡಿಯೇ. ಒಂಬತ್ತಾದರೂ ಇವನು ಬರಲಿಲ್ಲ. ಒಡೆದ ಮೊಟ್ಟೆ ನಿಲ್ಲುತ್ತದಾ? ಸಾರು ನೀರಾಗಿತ್ತು. ಕದಡಿ ಹಾಕಿದೆ. ಧಣಿಗೆ ಹೇಳಲಿಲ್ಲ.”

“ಯಾಕೆ ಹೇಳಲಿಲ್ಲ? ನನಗೆ ಯಾಕೆ ಹೇಳಲಿಲ್ಲ?”

“ಒಬ್ಬರ ಹೆಸರಿನಲ್ಲಿ ತೆಗೆದಿಟ್ಟದ್ದನ್ನ ಇನ್ನೊಬ್ಬರಿಗೆ ಬಡಿಸಬಾರದು ಸ್ವಾಮಿ. ಅದೂ ಧಣಿಗೆ. ನಮ್ಮಲ್ಲಿ ಅದು ಆಗದ ಕೆಲಸ. ಕೊಳೆತದ್ದು ಹಾಕಿದೆ ಅಂದರೆ ಸುಳ್ಳು, ಸಹಿಸಬಹುದು. ಇದು ನಿಜ.”

ಧರ್ಮಪಾಲ ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡ. ನೇಣಿಗೆ ಹೋಗುವಷ್ಟು ದೊಡ್ಡ ಮಾತನ್ನು ಮರ್ಯಾದೆಗೆ ಅಂಜಿ ಮೂರು ದಿನ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು!

ದೇರಪ್ಪ ಕುರ್ಚಿಯಿಂದ ಎದ್ದ. “ಸುಳ್ಳು,” ಎಂದ. “ತಿಂಡಿಗೆ ಕರೆದಿದ್ದು ಹೌದು. ಜೀಪು ಕೆಟ್ಟು ತಡವಾಯ್ತು. ಆದರೆ ಮಾವ ನನಗೆ… ಇಲ್ಲ. ಅವಳೂ ಪೂವಯ್ಯನೂ ಸೇರಿ ಮಾಡಿದ್ದನ್ನ ಸತ್ತವರ ತಲೆಗೆ ಕಟ್ತಿದ್ದಾಳೆ. ಮಾವನಿಗೆ ಸೂಜಿ ಎಲ್ಲಿಂದ ಬರಬೇಕು?”

“ಅದ್ಯಾಕ್ ಹಂಗಂತೀರಿ?” ಎಂದ ಸಿದ್ದಣ್ಣ. “ಈ ಸುತ್ತಮುತ್ತ ದನಕ್ಕೆ ಚುಚ್ಚೋ ಸೂಜಿ ಇದ್ದದ್ದು ಪದ್ಮಯ್ಯೋರೊಬ್ರ ಹತ್ರಾನೇ. ನಮ್ಮ ಹಸೂಗೆ ಅವರೇ ಬಂದು ಚುಚ್ಚಿದ್ರಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕೋರು. ಕೀಲಿಕೈ ಉಡಿದಾರದಲ್ಲಿ.”

ಆ ಕೀಲಿಕೈ ಈಗ ಧರ್ಮಪಾಲನ ಮೇಜಿನ ಖಾನೆಯಲ್ಲಿತ್ತು. ಭಾನುವಾರ ಹೆಣದ ಸೊಂಟದಿಂದ ಅವನೇ ಬಿಚ್ಚಿಸಿದ್ದ. ಬೀರು ಇನ್ನೂ ತೆರೆದಿರಲಿಲ್ಲ.

ಹೊರಗೆ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿತು. ಸಿದ್ದಣ್ಣ ಬಾಗಿಲಿಗೂ ಮೇಜಿಗೂ ನೋಡಿದ. “ಹತ್ತಿಸೋದಾ ಸಾರ್, ಬೇಡ್ವಾ?”

“ಎರಡು ನಿಮಿಷ ನಿಲ್ಲಿಸು. ಟೈರು ನೋಡು, ಲೈಸೆನ್ಸು ಕೇಳು, ಏನಾದರೂ ಮಾಡು.”

ಧರ್ಮಪಾಲ ಕಾಲೇಜಿನಿಂದ ತಂದಿದ್ದ ಉಕ್ಕಿನ ಅಳತೆಪಟ್ಟಿಯನ್ನೂ ಚೂಪು ಕೈವಾರವನ್ನೂ ತೆಗೆದ.

“ಕೇಳಿ,” ಎಂದ, ಇಬ್ಬರಿಗೂ. “ಡಿಸ್ಪೆನ್ಸರಿಯಲ್ಲಿ ಮನುಷ್ಯರಿಗೆ ಚುಚ್ಚುವ ಸೂಜಿ ಮುಕ್ಕಾಲು ಮಿಲಿಮೀಟರ್ ದಪ್ಪ. ಒಂದನ್ನು ದಾಟುವುದಿಲ್ಲ. ದನದ್ದು ಅದರ ಎರಡರಷ್ಟಕ್ಕೂ ಮೇಲೆ. ಓಡಿಗೆ ಸುಳ್ಳು ಹೇಳಲು ಬರುವುದಿಲ್ಲ. ತೂತು ಸಣ್ಣದಿದ್ದರೆ ಬೊಳ್ಳಮ್ಮನವರು ಬಸ್ಸು ಹತ್ತುತ್ತಾರೆ. ದೊಡ್ಡದಿದ್ದರೆ ಹತ್ತುವುದಿಲ್ಲ.”

ಬೊಳ್ಳಮ್ಮ ಬೆಂಚು ಬಿಟ್ಟು ಹತ್ತಿರ ಬಂದಳು. ದೇರಪ್ಪ ಎದ್ದಿದ್ದ. ಮಂಜುನಾಥ ಪೆನ್ನನ್ನು ಕಾಗದದ ಮೇಲೆ ಊರಿದ್ದ.

ಧರ್ಮಪಾಲ ಮೇಣವನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಿದ. ಬಿಲ್ಲೆಯಂತೆ ಇಡಿಯಾಗಿ ಬಂತು. ಅಡಿಯ ತೂತು ದುಂಡಗಿತ್ತು, ಅಂಚು ಸಿಡಿದಿರಲಿಲ್ಲ, ಒಂದೇ ಸಲಕ್ಕೆ ಚುಚ್ಚಿದ್ದು. ಕೈವಾರದ ಎರಡು ಮೊನೆಗಳನ್ನು ಅಂಚಿನಿಂದ ಅಂಚಿಗೆ ಹೊಂದಿಸಿದ. ಅಲುಗಾಡಿಸದೆ ತಂದು ಪಟ್ಟಿಯ ಮೇಲೆ ಇಟ್ಟ. ನಂಬದೆ ಇನ್ನೊಮ್ಮೆ ಅಳೆದ. ಮೂರನೆಯ ಸಲವೂ ಅಷ್ಟೇ ಬಂತು.

“ಬರೆದುಕೋ ಮಂಜುನಾಥ,” ಎಂದ. “ತೂತಿನ ಅಡ್ಡಳತೆ, ಎರಡು ಮಿಲಿಮೀಟರ್.”